ಇಲ್ಲದ ಅಂಗಡಿಯ ಕಂದಾಯ

ನಾನು ತುಮಕೂರಿನ ಮಂಡಿಪೇಟೆಯ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಹತ್ತೊಂಬತ್ತು ವರ್ಷ ಆಯಿತು. ಮೊದಲು ವ್ಯಾಟ್ ಇತ್ತು, 2017ರಿಂದ ಜಿಎಸ್‌ಟಿ. ಬೇರೆಯವರ ತೆರಿಗೆ ಕಟ್ಟಿಸಿ ಕಟ್ಟಿಸಿ, ತೆರಿಗೆ ಅಂದರೆ ಸಿಟ್ಟು ಬರುವುದೇ ನನಗೆ ನಿಂತುಹೋಗಿತ್ತು. ಅಮ್ಮನ ಮನೆಯ ಕಂದಾಯದ ಲೆಕ್ಕಕ್ಕೆ ಕೂತ ಮೇಲೆ ಮತ್ತೆ ಬಂತು.

ಅಮ್ಮನ ಮನೆ ಇರುವುದು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ. ಯಾವ ಊರು ಅಂತ ಬರೆಯುವುದಿಲ್ಲ. ನಮ್ಮ ಕಡತ ಅಲ್ಲಿನ ಕಚೇರಿಯ ಮೇಜಿನ ಮೇಲೆ ಇನ್ನೂ ಕೂತಿದೆ, ಸುಮ್ನೆ ಯಾಕೆ. ತೆಂಗು, ರಾಗಿ, ವಾರಕ್ಕೊಂದು ಸಂತೆ ಇರುವ ಊರು ಅಂದುಕೊಳ್ಳಿ. ಹಳೇ ಹೆಂಚಿನ ಮನೆ. ಮುಂದೆ 22 ಅಡಿ, ಉದ್ದ 60 ಅಡಿ. ಅಗಲ ಕಡಿಮೆ, ರೈಲು ಬೋಗಿಯ ಹಾಗೆ ಒಂದರ ಹಿಂದೆ ಒಂದು ಕೋಣೆ. ರಸ್ತೆಗೆ ತಾಗಿದ ಮೊದಲ ಕೋಣೆಯಲ್ಲಿ ಅಪ್ಪ ಟೈಲರ್ ಅಂಗಡಿ ಇಟ್ಟಿದ್ದರು. ಕಣ್ಣು ಮಂಜಾದ ಮೇಲೆ 2009ರಲ್ಲಿ ಮುಚ್ಚಿದರು. 2016ರಲ್ಲಿ ಅಪ್ಪ ಹೋದರು. ಆ ಕೋಣೆಯಲ್ಲಿ ಈಗ ಎರಡು ಮೂಟೆ ರಾಗಿ, ಮುರಿದ ಒಂದು ಕುರ್ಚಿ, ಬಟ್ಟೆ ಹೊದಿಸಿದ ಹೊಲಿಗೆ ಮೆಷಿನ್ ಇವೆ. ಈಗ ಅಂದರೆ, ಮೊನ್ನೆ ಮೊನ್ನೆಯ ತನಕ. ಅದರ ಕಥೆ ಆಮೇಲೆ.

ಕಂದಾಯದ ರಸೀದಿಗಳನ್ನೆಲ್ಲ ಅಮ್ಮ ಒಂದು ತಗಡಿನ ಬಿಸ್ಕತ್ ಡಬ್ಬದಲ್ಲಿ ಇಟ್ಟಿದ್ದಾಳೆ. 1987ರಿಂದ ಒಂದೂ ಬಿಟ್ಟಿಲ್ಲ. ಮೊದಮೊದಲಿನವು ಕಾರ್ಬನ್ ಹಾಕಿ ಬರೆದವು, ಅಕ್ಷರ ಮಾಸಿವೆ. ಅಪ್ಪ ಬಟ್ಟೆಯ ಬಾಕಿ ವಸೂಲಿ ಮಾಡುವುದನ್ನು ಮರೆಯುತ್ತಿದ್ದರು, ಕಂದಾಯ ಮರೆಯುತ್ತಿರಲಿಲ್ಲ.

2020-21ರ ರಸೀದಿಯಲ್ಲಿ ಇದ್ದದ್ದು 2,310 ರೂಪಾಯಿ. 2025-26ರಲ್ಲಿ 5,796. ನಡುವೆ ಆ ಮನೆಗೆ ಆದ ಬದಲಾವಣೆ ಅಂದರೆ ಹಿತ್ತಲ ಕಡೆ ಆರು ಹೆಂಚು ಒಡೆದಿವೆ, ಅಷ್ಟೆ.

ಈ 5,796 ಹೇಗೆ ಬಂತು ಅಂತ ಒಂದು ಭಾನುವಾರ ಕೂತು ಬಿಡಿಸಿದೆ. ಜಾಗ 1,320 ಚದರಡಿ. ನಮ್ಮದು ಮುಖ್ಯರಸ್ತೆ, ಅದಕ್ಕೆ ಸರ್ಕಾರದ ಮಾರ್ಗಸೂಚಿ ದರ, ಅಂದರೆ ಆಸ್ತಿ ನೋಂದಣಿಗೆ ಅಂತ ಸರ್ಕಾರ ಗೊತ್ತು ಮಾಡಿದ ಬೆಲೆ, ಚದರಡಿಗೆ 1,800. ಅಲ್ಲಿಗೆ 23,76,000 ರೂಪಾಯಿ. ಅದರ ಕಾಲು ಭಾಗ 5,94,000, ತೆರಿಗೆ ಬೀಳುವುದು ಇದರ ಮೇಲೆ. ನೂರಕ್ಕೆ 60 ಪೈಸೆಯಂತೆ ಜಾಗದ್ದೇ 3,564 ಬಂತು. ಕಟ್ಟಡಕ್ಕೆ ವಯಸ್ಸು ನೋಡಿ ಸವಕಳಿ ಕಳೆಯುತ್ತಾರೆ, ಹಾಗಾಗಿ ಅದರದ್ದು ಬರೀ 1,036. ಒಟ್ಟು 4,600. ಮನೆ ಹಳೆಯದಾದಷ್ಟೂ ಬೆಲೆ ಇಳಿಯುತ್ತದೆ ಅಂತ ಒಪ್ಪುವ ಕಾನೂನು, ಮನೆಯೊಳಗಿನ ಮುದುಕಿಗೂ ವಯಸ್ಸಾಗುತ್ತದೆ ಅನ್ನುವುದನ್ನು ಎಲ್ಲೂ ಬರೆದುಕೊಂಡಿಲ್ಲ.

ನಮ್ಮ ಹಿಂದಿನ ಅಡ್ಡರಸ್ತೆಯ ಮನೆ ನಮ್ಮದಕ್ಕಿಂತ ದೊಡ್ಡದು, ಆರ್‌ಸಿಸಿ, ಮೇಲೊಂದು ಬಾಡಿಗೆ ಮನೆ ಬೇರೆ. ಅಲ್ಲಿನ ಮಾರ್ಗಸೂಚಿ ದರ ನಮ್ಮದರ ಅರ್ಧ. ಅವರದು ಅಡ್ಡರಸ್ತೆ, ನಮ್ಮದು ಮೇನ್ ರೋಡ್. ಅಪ್ಪ ಆ ಜಾಗಕ್ಕೆ ಬಂದಾಗ ನಮ್ಮದೂ ಮಣ್ಣು ರಸ್ತೆಯೇ ಆಗಿತ್ತು. ಬಸ್ಸು ಅತ್ತ ತಿರುಗಿತು, ಅಂಗಡಿ ಬಂದವು, ಬೇಕರಿ ಬಂತು, ಮೊಬೈಲ್ ಅಂಗಡಿ ಬಂತು. ಅಮ್ಮ ಎಲ್ಲೂ ಹೋಗಲಿಲ್ಲ. ಮೇನ್ ರೋಡೇ ಅವಳ ಬಾಗಿಲಿಗೆ ಬಂತು.

ಇನ್ನು ಉಳಿದದ್ದು 1,196. ಅದು ಕರಗಳದ್ದು. ಆರೋಗ್ಯ ಕರ ನೂರಕ್ಕೆ 15, ಅಂದರೆ 690. ಗ್ರಂಥಾಲಯ ಕರ 6, ಅಂದರೆ 276. ಭಿಕ್ಷುಕರ ಕರ 3, ಅದು 138. ನಗರ ಸಾರಿಗೆ ಕರ 2, ಅದು 92. ಭಿಕ್ಷುಕರ ಕರ ಇದೆ ಅನ್ನುವುದೇ ಅಮ್ಮನಿಗೆ ಗೊತ್ತಿರಲಿಲ್ಲ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯ ಕಾಲದ್ದು ಅಂತ ಹೇಳಿದೆ. "ಮತ್ತೆ ಶನಿವಾರ ಬಾಗಿಲಿಗೆ ಬರೋರಿಗೂ ನಾನೇ ಕೊಡ್ತೀನಲ್ಲೇ" ಅಂದಳು. ಸಾರಿಗೆ ಕರದ ಮಾತು ಎತ್ತಿದಾಗ ನನಗೇ ನಗು ಬಂತು. ಆ ಊರಿನಲ್ಲಿ ಸಿಟಿ ಬಸ್ಸೇ ಇಲ್ಲ. ಈ ತುದಿಯಿಂದ ಆ ತುದಿಗೆ ನಡೆದರೆ ಇಪ್ಪತ್ತು ನಿಮಿಷ.

ಗ್ರಂಥಾಲಯ ಕರದ ಬಗ್ಗೆ ನನ್ನ ತಕರಾರಿಲ್ಲ. ಪಿಯುಸಿಯಲ್ಲಿ ಫೇಲಾದ ವರ್ಷ ನನ್ನನ್ನು ಕಾಪಾಡಿದ್ದು ಆ ಊರಿನ ಲೈಬ್ರರಿ. ಆದರೆ ಮನೆಯವರು ಕೊಟ್ಟ 276 ರೂಪಾಯಿ ಆ ಲೈಬ್ರರಿಯ ಕಪಾಟಿನ ತನಕ ಹೋಯಿತಾ ಅಂತ ನೋಡಲು ರಸೀದಿಯಲ್ಲಾಗಲಿ, ಬೇರೆಲ್ಲಾಗಲಿ ದಾರಿ ಬೇಕಲ್ವಾ? ನಮ್ಮ ಮಂಡಿಯಲ್ಲಿ ಹಮಾಲಿ ಅಂತ ಹತ್ತು ರೂಪಾಯಿ ಹಿಡಿದರೂ ಅದು ಹಮಾಲಿಗೆ ಹೋಗಿದ್ದಕ್ಕೆ ಚೀಟಿ ಇರುತ್ತದೆ.

ಅಮ್ಮನ ಆದಾಯದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ವಯಸ್ಸು 68. ಸಂಧ್ಯಾ ಸುರಕ್ಷಾ 1,200, ಗೃಹಲಕ್ಷ್ಮಿ 2,000. ತಿಂಗಳು ತಪ್ಪದೆ ಬಂತು ಅಂತಲೇ ಇಟ್ಟುಕೊಂಡರೆ ವರ್ಷಕ್ಕೆ 38,400. ಕಂದಾಯ ಅದರಲ್ಲಿ ನೂರಕ್ಕೆ ಹದಿನೈದು. 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದ ತನಕ ಸಂಬಳದವರಿಗೆ ಆದಾಯ ತೆರಿಗೆ ಸೊನ್ನೆ. ತಿಂಗಳಿಗೆ ಒಂದು ಲಕ್ಷ ಎಣಿಸುವವರಿಗೆ ಸೊನ್ನೆ, ಅಮ್ಮನಿಗೆ ಹದಿನೈದು. ನಾನೂ ತಮ್ಮನೂ ಖರ್ಚಿಗೆ ಕೊಡುತ್ತೇವೆ, ಅದು ಬೇರೆ ಮಾತು. ಮಕ್ಕಳಿಲ್ಲದವರು ಏನು ಮಾಡಬೇಕು? ಸರ್ಕಾರ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಇಸ್ಕೊಳ್ಳುವುದಕ್ಕೆ ಎರಡು ಕಡೆ ಕಂಪ್ಯೂಟರ್, ಎರಡು ಕಡೆ ಸಿಬ್ಬಂದಿ.

ಇಷ್ಟು ಜಾಸ್ತಿ ಆದದ್ದು ಯಾಕೆ? ಮೊದಲು ನಮ್ಮ ಊರುಗಳಲ್ಲಿ 2005-06ರ ಮಾರ್ಗಸೂಚಿ ದರ ಹಿಡಿದು, ಅದರ ಮೇಲೆ ಆಗಾಗ ಏರಿಸಿಕೊಂಡು ಬರುತ್ತಿದ್ದರು. 2021-22ರಿಂದ ಚಾಲ್ತಿ ದರಕ್ಕೆ ಗಂಟು ಹಾಕಿದರು. ಜೊತೆಗೆ ವರ್ಷವರ್ಷ ನೂರಕ್ಕೆ 3ರಿಂದ 5 ಏರಿಕೆ. ಅದರ ಹಿಂದಿನ ವರ್ಷ, 2020ರ ಮೇ ತಿಂಗಳಲ್ಲಿ, ಕೊರೊನಾ ಕಾಲದಲ್ಲಿ, ಕೇಂದ್ರ ಸರ್ಕಾರ ರಾಜ್ಯಗಳಿಗೆ ಹೆಚ್ಚು ಸಾಲ ಎತ್ತಲು ಅವಕಾಶ ಕೊಟ್ಟಿತ್ತು. ಅದಕ್ಕೆ ಹಾಕಿದ ಷರತ್ತುಗಳಲ್ಲಿ ಇದೂ ಒಂದು: ಆಸ್ತಿ ತೆರಿಗೆಯ ಕನಿಷ್ಠ ದರವನ್ನು ನೋಂದಣಿಯ ಸರ್ಕಾರಿ ದರಕ್ಕೆ ಹೊಂದಿಸಬೇಕು. ಆಮೇಲೆ 15ನೇ ಹಣಕಾಸು ಆಯೋಗವೂ ಊರುಗಳಿಗೆ ಅನುದಾನ ಬೇಕಾದರೆ ಆಸ್ತಿ ತೆರಿಗೆ ವಸೂಲಿ ಏರುತ್ತಾ ಹೋಗಬೇಕು ಅಂತ ಇಟ್ಟಿತು. ಅಮ್ಮನ ಜಗಲಿಯ ಲೆಕ್ಕ ದಿಲ್ಲಿಯಿಂದ ಶುರುವಾಗುತ್ತದೆ ಅಂತ ನನಗೂ ಮೊದಲು ಗೊತ್ತಿರಲಿಲ್ಲ.

ಮಾರ್ಗಸೂಚಿ ದರ ಹುಟ್ಟಿದ್ದು ಬೇರೆ ಕೆಲಸಕ್ಕೆ. 1957ರ ಸ್ಟಾಂಪ್ ಕಾಯ್ದೆಯಡಿ ಅದನ್ನು ಗೊತ್ತು ಮಾಡುತ್ತಾರೆ. ಸೈಟು ಮಾರುವಾಗ ಜನ ಕಡಿಮೆ ಬೆಲೆ ತೋರಿಸಿ ಸ್ಟಾಂಪ್ ಡ್ಯೂಟಿ ಉಳಿಸಬಾರದು ಅಂತ. ಮಾರಾಟದಲ್ಲಿ ದುಡ್ಡು ಕೈ ಬದಲಾಗುತ್ತದೆ, ಆಗ ಸರ್ಕಾರ ತನ್ನ ಪಾಲು ಕೇಳುತ್ತದೆ, ನ್ಯಾಯವೇ. ಆದರೆ ಅಮ್ಮ ಮಾರುತ್ತಿಲ್ಲ. 2023ರ ಅಕ್ಟೋಬರ್ 1ರಂದು ರಾಜ್ಯದಲ್ಲೆಲ್ಲ ಮಾರ್ಗಸೂಚಿ ದರ ಏರಿತು. ಅವತ್ತು ಅಮ್ಮನ ಆಸ್ತಿ ಕಾಗದದಲ್ಲಿ ಲಕ್ಷಗಟ್ಟಲೆ ಬೆಳೆಯಿತು. ಡಬ್ಬದಲ್ಲಿ ಬೆಳೆದದ್ದು ರಸೀದಿ ಮಾತ್ರ.

ಈ ಮಾತನ್ನು ನನ್ನ ಸೋದರಮಾವನ ಮುಂದೆ ಹೇಳಿ ಬೈಸಿಕೊಂಡೆ. ಮಾವ ಬೇರೆ ಜಿಲ್ಲೆಯ ಒಂದು ಪುರಸಭೆಯಲ್ಲಿ ಬಿಲ್ ಕಲೆಕ್ಟರ್ ಆಗಿದ್ದವರು. ಈಗ 78. ಕ್ಯಾತ್ಸಂದ್ರದಲ್ಲಿ ಮಗನ ಮನೆಯಲ್ಲಿದ್ದಾರೆ. ತಟ್ಟೆ ಇಡ್ಲಿ ತರಿಸಿ ತಿನ್ನಿಸಿಯೇ ಬೈದರು.

"ಕಂದಾಯ ಕಮ್ಮಿ ಮಾಡಿ ಅಂತೀಯ. ಬೀದಿ ದೀಪ ಹೋದ್ರೆ ಮೊದ್ಲು ಫೋನ್ ಮಾಡೋಳೂ ನೀನೇ. ಪೌರಕಾರ್ಮಿಕರ ಸಂಬಳ ಯಾರು ಕೊಡ್ಬೇಕಮ್ಮಾ?"

"ಕಮ್ಮಿ ಮಾಡಿ ಅನ್ನಲಿಲ್ಲ ಮಾವ. ಯಾವುದರ ಮೇಲೆ ಹಾಕ್ತೀರಿ ಅಂತ ಕೇಳಿದೆ."

"ನಮ್ ಕಾಲದಲ್ಲಿ ಬಾಡಿಗೆ ನೋಡಿ ಹಾಕ್ತಿದ್ವಿ. ಈ ಮನೆ ಬಾಡಿಗೆಗೆ ಕೊಟ್ರೆ ವರ್ಷಕ್ಕೆ ಎಷ್ಟು ಬರುತ್ತೆ, ಅದರ ಮೇಲೆ. ಅದು ಸರಿ ಇತ್ತು ಅಂತೀಯಾ?" ಸ್ವಲ್ಪ ಹೊತ್ತು ಸುಮ್ಮನಿದ್ದು ತಾವೇ ಹೇಳಿದರು. "ಕಾಫಿ ಕೊಟ್ಟೋರ ಮನೆ ಬಾಡಿಗೆ ಕಮ್ಮಿ ಇರ್ತಿತ್ತು. ಬಾಗಿಲಲ್ಲೇ ನಿಲ್ಲಿಸಿದೋರದ್ದು ಜಾಸ್ತಿ."

ಮಾವ ಹೇಳಿದ್ದು ತಮಾಷೆಗಲ್ಲ. ಆ ಕಾಫಿಯ ಕಾಟ ತಪ್ಪಲಿ ಅಂತಲೇ 2002ರ ಹೊತ್ತಿಗೆ ಸ್ವಯಂ ಘೋಷಣೆ ಬಂತು. ನಿಮ್ಮ ಮನೆಯ ಅಳತೆ ನೀವೇ ಬರೆಯಿರಿ, ತೆರಿಗೆ ನೀವೇ ಲೆಕ್ಕ ಹಾಕಿ, ಕಟ್ಟಿ. ಒಳ್ಳೇ ಯೋಚನೆ. ಎಸ್‌ಎಎಸ್ ಫಾರಂ ಅಂದರೆ ಅದೇ. ಈಗ ಹೆಸರಿಗೆ ಸ್ವಯಂ ಘೋಷಣೆ. ಘೋಷಣೆ ಮಾಡುವುದು ಕಂಪ್ಯೂಟರ್, ಕಟ್ಟುವುದು ಮಾತ್ರ ಸ್ವಯಂ.

ನಮ್ಮ ಅಂಗಡಿಯ ಕಥೆ ಬರುವುದು ಇಲ್ಲೇ.

2024ರಲ್ಲಿ ಮಳೆಗಾಲ ಮುಗಿದ ಮೇಲೆ ಹೆಂಚು ತೆಗೆಸಿ ಶೀಟ್ ಹಾಕಿಸೋಣ ಅಂತ ತಮ್ಮ ಬ್ಯಾಂಕಿಗೆ ಹೋದ. ಅವರು ಇ-ಖಾತಾ ಕೇಳಿದರು, ಅಂದರೆ ಆಸ್ತಿಯ ಖಾತೆಯ ಕಂಪ್ಯೂಟರ್ ಪ್ರತಿ, ನಮೂನೆ-3. ಆ ಅಕ್ಟೋಬರ್‌ನಿಂದ ಆಸ್ತಿ ನೋಂದಣಿಗೂ ಅದು ಕಡ್ಡಾಯ ಆಗಿತ್ತು. ಖಾತೆ ಇನ್ನೂ ಅಪ್ಪನ ಹೆಸರಲ್ಲಿತ್ತು. ಮರಣ ಪತ್ರ, ವಂಶವೃಕ್ಷ, ನಮ್ಮಿಬ್ಬರ ಒಪ್ಪಿಗೆ ಪತ್ರ, ಅಮ್ಮನ ಆಧಾರ್, ಮನೆ ಮುಂದೆ ನಿಂತ ಫೋಟೊ, ಎಲ್ಲ ಕೊಟ್ಟೆವು. ಡಬ್ಬವನ್ನೇ ಹೊತ್ತುಕೊಂಡು ಹೋಗಿದ್ದೆ.

ಕೌಂಟರಿನಲ್ಲಿದ್ದ ಹುಡುಗ ಒಳ್ಳೆಯವನೇ. ಪರದೆ ನೋಡಿ "ಮೇಡಂ, ಇದ್ರಲ್ಲಿ ಒಂದು ಕೋಣೆ ವಾಣಿಜ್ಯ ಅಂತಿದೆ, ಮೂರು ವರ್ಷದ ವ್ಯತ್ಯಾಸ ಬಾಕಿ ತೋರಿಸ್ತಿದೆ" ಅಂದ. ಹಳೇ ಪುಸ್ತಕದಲ್ಲಿ ಯಾರೋ ಬರೆದಿದ್ದ 'ಟೈಲರ್ ಅಂಗಡಿ' ಅನ್ನುವ ಎರಡು ಪದ ಕಂಪ್ಯೂಟರಿಗೆ ಏರಿತ್ತು. ಅಂಗಡಿ ಮುಚ್ಚಿ ಆಗಲೇ ಹದಿನೈದು ವರ್ಷ. ಕಂಪ್ಯೂಟರ್ ಅದನ್ನು ಮತ್ತೆ ತೆರೆದಿತ್ತು.

ಕರ ಎಲ್ಲ ಸೇರಿ ವರ್ಷಕ್ಕೆ 500 ರೂಪಾಯಿ ವ್ಯತ್ಯಾಸ. ಮೂರು ವರ್ಷಕ್ಕೆ 1,500. ದಂಡ ತಿಂಗಳಿಗೆ ನೂರಕ್ಕೆ ಎರಡು, ಪ್ರತಿ ಜುಲೈನಿಂದ ಎಣಿಕೆ. ಡಿಸೆಂಬರ್‌ಗೆ ಅದು 540 ಆಗಿತ್ತು. ಒಟ್ಟು 2,040. ಬಾಕಿ ಕಟ್ಟದೆ ಖಾತೆ ಬದಲಾಗಲ್ಲ, ಖಾತೆ ಬದಲಾಗದೆ ಸಾಲ ಇಲ್ಲ. ಕಟ್ಟಿದೆವು. ಆಮೇಲೆ ಆಕ್ಷೇಪಣೆ ಕೊಡಿ, ಸರಿ ಮಾಡ್ತೀವಿ ಅಂದರು.

ಮೊತ್ತ ದೊಡ್ಡದಲ್ಲ, ಒಪ್ಪುತ್ತೇನೆ. ನನ್ನ ಹೊಟ್ಟೆ ಉರಿದದ್ದು ಆ ಎರಡು ರೂಪಾಯಿ ಬಡ್ಡಿಗೆ. ನಮ್ಮ ಕಡೆ ನೂರಕ್ಕೆ ಎರಡು ರೂಪಾಯಿ ಬಡ್ಡಿ ಅಂದರೆ ಚಿನ್ನ ಅಡ ಇಟ್ಟುಕೊಂಡು ಕೈಸಾಲ ಕೊಡುವವರ ರೇಟು. ವರ್ಷಕ್ಕೆ 24. ನಮ್ಮ ಮಂಡಿಯ ಯಜಮಾನರು ಕೋಟಿ ವಹಿವಾಟಿನ ಜಿಎಸ್‌ಟಿ ತಡವಾಗಿ ಕಟ್ಟಿದರೆ ಬಡ್ಡಿ ವರ್ಷಕ್ಕೆ 18. ಹೆಂಚಿನ ಮನೆಯ ವಿಧವೆಗೆ 24. ಇದನ್ನು ನಾನು ಯಾರ ಮುಂದೆ ಹೇಳಿದರೂ ಒಂದು ಗಳಿಗೆ ನಂಬುವುದಿಲ್ಲ. ಜಿಎಸ್‌ಟಿಯವರು ನಮಗೆ ವಾಪಸ್ ಕೊಡುವುದು ತಡ ಮಾಡಿದರೆ ಅವರೂ 6 ಬಡ್ಡಿ ಕೊಡಬೇಕು ಅಂತ ಕಾನೂನಿನಲ್ಲೇ ಇದೆ. ಇಲ್ಲಿ? "ತಪ್ಪು ಅಂತ ಆದ್ರೆ ಮುಂದಿನ ವರ್ಷಕ್ಕೆ ಹೊಂದಿಸ್ಕೊಳ್ಳೋಣ ಮೇಡಂ."

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ತಪ್ಪು ಅವನದ್ದಲ್ಲ, ಅವನ ಕೈಯಲ್ಲಿ ಸರಿ ಮಾಡುವ ಗುಂಡಿಯೂ ಇಲ್ಲ. ಕೇಸ್ ವರ್ಕರ್, ಆಮೇಲೆ ಆರ್‌ಐ ಅಂದರೆ ರೆವಿನ್ಯೂ ಇನ್ಸ್‌ಪೆಕ್ಟರ್, ಆಮೇಲೆ ಮುಖ್ಯಾಧಿಕಾರಿ, ಅಷ್ಟು ಮೆಟ್ಟಿಲು.

ಮಾವನಿಗೆ ಇದನ್ನು ಹೇಳಿದಾಗ ಅವರು ಮೆತ್ತಗಾದರು. ಆಮೇಲೆ ನಿಜವಾದ ಕಳ್ಳತನ ಎಲ್ಲಿದೆ ಅಂತ ತೋರಿಸಿದ್ದು ಅವರೇ. ಊರ ಸುತ್ತ ಎಷ್ಟು ಲೇಔಟ್ ಎದ್ದಿವೆ ನೋಡು ಅಂದರು. ಹೊಲವನ್ನು ಅನುಮೋದನೆ ಇಲ್ಲದೆ ರೆವಿನ್ಯೂ ಸೈಟು ಮಾಡಿ ಮಾರಿದ್ದಾರೆ, ಖಾತೆ ಇಲ್ಲ, ಹಾಗಾಗಿ ಎಷ್ಟೋ ವರ್ಷ ಕಂದಾಯವೂ ಇಲ್ಲ. ಚರಂಡಿ ಬೇಕು, ನೀರು ಬೇಕು, ದೀಪ ಬೇಕು. 2025ರಲ್ಲಿ ಅವಕ್ಕೆ ಬಿ-ಖಾತಾ, ಅಂದರೆ ಅನಧಿಕೃತ ಆಸ್ತಿಗಳ ಬೇರೆ ಖಾತೆ, ಕೊಟ್ಟು ತೆರಿಗೆ ಒಳಗೆ ತರುವ ಅಭಿಯಾನ ಶುರುವಾಯಿತು. ತಡವಾದರೂ ಸರಿ. ಆದರೆ ಅಷ್ಟು ವರ್ಷ ಅವರು ಕಟ್ಟದ್ದನ್ನು ಕಟ್ಟುತ್ತಾ ಬಂದವರು ಡಬ್ಬ ಇಟ್ಟುಕೊಂಡ ಜನವೇ ಅಲ್ವಾ?

ಖಾಲಿ ಸೈಟುಗಳದ್ದು ಇನ್ನೊಂದು. ನಮ್ಮ ಬೀದಿಯಲ್ಲೇ ಬೆಂಗಳೂರಿನವರದ್ದು ಒಂದು ಸೈಟಿದೆ, ಹನ್ನೆರಡು ವರ್ಷದಿಂದ ಪಾರ್ಥೇನಿಯಂ ಬೆಳೆದಿದೆ. ಖಾಲಿ ಜಾಗಕ್ಕೆ ತೆರಿಗೆ ದರ ಮನೆಗಿಂತ ಕಡಿಮೆ. ಬೆಲೆ ಏರಲಿ ಅಂತ ಕಾಯುವವರಿಗೆ ಕಮ್ಮಿ, ಒಲೆ ಹಚ್ಚುವವರಿಗೆ ಜಾಸ್ತಿ. ನನಗೆ ಅಧಿಕಾರ ಕೊಟ್ಟರೆ ಮೊದಲು ತಿರುಗಿಸುವುದು ಇದನ್ನೇ.

ಎರಡನೆಯದು, ಮಾಲೀಕರೇ ವಾಸ ಇರುವ ಮನೆಗೆ ಮಾರ್ಗಸೂಚಿ ದರ ತೋರಿಸಿ ಪ್ರತಿ ವರ್ಷ ಹೆದರಿಸುವುದು ನಿಲ್ಲಬೇಕು. ಬೆಂಗಳೂರಿನಲ್ಲಿ 2008ರಿಂದ ವಲಯ, ಅಳತೆ, ಬಳಕೆ ನೋಡಿ ಹಾಕುತ್ತಾರೆ, ಸ್ವಂತಕ್ಕೆ ಇದ್ದರೆ ಒಂದು, ಬಾಡಿಗೆಗೆ ಇದ್ದರೆ ಒಂದು. 2024ರಲ್ಲಿ ಅಲ್ಲೂ ಮಾರ್ಗಸೂಚಿ ದರ ತರುವ ಕರಡು ಬಂತು. ಗಲಾಟೆ ಆಯಿತು, ಕೈಬಿಟ್ಟರು. ತಾಲ್ಲೂಕು ಊರಿನವರ ಗಲಾಟೆ ವಿಧಾನಸೌಧದ ತನಕ ಕೇಳಿಸುವುದಿಲ್ಲ.

ದೊಡ್ಡಪ್ಪನ ಮೊಮ್ಮಗಳು ಅಮೆರಿಕದ ಟೆಕ್ಸಾಸ್‌ನಲ್ಲಿದ್ದಾಳೆ. ಅಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ಶಾಲೆಯ ದುಡ್ಡಿನಲ್ಲೂ ದೊಡ್ಡ ಪಾಲು ಮನೆ ತೆರಿಗೆಯಿಂದಲೇ. ಅವಳ ಗೋಳು ನಮ್ಮದಕ್ಕಿಂತ ದೊಡ್ಡದು. ಆದರೆ 65 ದಾಟಿದವರು ಸ್ವಂತ ಮನೆಯಲ್ಲಿದ್ದರೆ ಶಾಲೆಯ ತೆರಿಗೆ ಅಷ್ಟಕ್ಕೇ ನಿಲ್ಲುತ್ತದೆ, ಮೇಲೆ ಏರುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 1978ರಿಂದ ಮನೆ ಮಾರುವ ತನಕ ತೆರಿಗೆಗೆ ಹಿಡಿಯುವ ಬೆಲೆ ವರ್ಷಕ್ಕೆ ನೂರಕ್ಕೆ ಎರಡಕ್ಕಿಂತ ಹೆಚ್ಚು ಏರುವಂತಿಲ್ಲ. ಅದರಲ್ಲೂ ಎಡವಟ್ಟಿದೆ. ಹಳಬರು ಕೋಟಿ ಬಾಳುವ ಮನೆಗೆ ಚಿಲ್ಲರೆ ಕಟ್ಟುತ್ತಾರೆ, ಪಕ್ಕದಲ್ಲಿ ಹೊಸದಾಗಿ ಕೊಂಡವರು ಅದರ ಹತ್ತು ಪಟ್ಟು. ಅದನ್ನು ಹಾಗೇ ಎತ್ತಿ ತರಬೇಕು ಅಂತ ನಾನು ಹೇಳುವುದಿಲ್ಲ. ವಯಸ್ಸಾದವರ ಒಂದೇ ಮನೆಗೆ, ಒಂದು ಅಳತೆಯ ಒಳಗಿದ್ದರೆ, ಏರಿಕೆಯನ್ನು ತಡೆದಿಡಿ. ಮನೆ ಮಾರಿದ ದಿನ ಲೆಕ್ಕ ಚುಕ್ತಾ ಮಾಡಿಕೊಳ್ಳಿ. ಅವತ್ತು ದುಡ್ಡು ಇರುತ್ತದೆ.

ಮಾರಿದ ದಿನ ಹೇಗೂ ರಾಜ್ಯ ಸರ್ಕಾರ ಬಾಗಿಲಲ್ಲೇ ನಿಂತಿರುತ್ತದೆ. ಸ್ಟಾಂಪ್ ಡ್ಯೂಟಿ ಸೆಸ್ ಎಲ್ಲ ಸೇರಿ ನೂರಕ್ಕೆ 5.6. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ 1ರಿಂದ 2 ಆಯಿತು. ಒಟ್ಟು 7.6. ರಸ್ತೆ, ಚರಂಡಿ, ದೀಪ ಕೊಟ್ಟು ಆ ಜಾಗಕ್ಕೆ ಬೆಲೆ ಬರುವ ಹಾಗೆ ಮಾಡಿದ್ದು ಊರು. ಅದರ ಒಂದು ಒಳ್ಳೇ ಪಾಲು ಅದೇ ಊರಿನ ಖಾತೆಗೆ ನೇರವಾಗಿ ಬಿದ್ದರೆ, ಪುರಸಭೆ ಅಮ್ಮನ ಡಬ್ಬಕ್ಕೆ ಕೈ ಹಾಕುವುದು ಅಷ್ಟು ಕಡಿಮೆ ಆಗುತ್ತದೆ.

ಹೋದ ಏಪ್ರಿಲ್‌ನಲ್ಲಿ ಈ ವರ್ಷದ್ದು ಕಟ್ಟಲು ಹೋದೆ. ಏಪ್ರಿಲ್ ಒಳಗೆ ಕಟ್ಟಿದರೆ ಕರ ಬಿಟ್ಟು ಬರೀ ತೆರಿಗೆಗೆ ನೂರಕ್ಕೆ 5 ರಿಯಾಯಿತಿ, ನಮಗೆ 230 ರೂಪಾಯಿ. ಬಸ್ಸು ಫ್ರೀ, ಶಕ್ತಿ ಯೋಜನೆ. ರಜೆ ಹಾಕಿದ್ದಕ್ಕೆ ಒಂದು ದಿನದ ಸಂಬಳ 600 ಹೋಯಿತು. ಲೆಕ್ಕ ಬರೆಯುವವಳು ಮಾಡುವ ಕೆಲಸವಾ ಇದು? ಆದರೆ ಏಪ್ರಿಲ್ ತಪ್ಪಿಸಿದರೆ ಅಮ್ಮನಿಗೆ ನಿದ್ದೆ ಬರುವುದಿಲ್ಲ. ಕೋಣೆ ಆಗಲೂ ವಾಣಿಜ್ಯ ಅಂತಲೇ ಇತ್ತು.

ಆಕ್ಷೇಪಣೆ ಕೊಟ್ಟು ಹತ್ತು ತಿಂಗಳಾದ ಮೇಲೆ ಮೊನ್ನೆ ಫೋನ್ ಬಂತು. ಗುರುವಾರ ಆರ್‌ಐ ಸ್ಥಳ ಪರಿಶೀಲನೆಗೆ ಬರುತ್ತಾರೆ, ಮನೆಯಲ್ಲಿರಿ ಅಂತ. ಖುಷಿಯಿಂದ ಅಮ್ಮನಿಗೆ ಫೋನ್ ಮಾಡಿದೆ. ಆ ಕಡೆಯಿಂದ ಟಕಟಕ ಸದ್ದು.

"ಏನಮ್ಮಾ ಅದು?"

"ಮೆಷಿನ್ ಕಣೇ. ಎಣ್ಣೆ ಬಿಟ್ಟೆ, ಓಡ್ತು. ಹೆಂಗೂ ಅಂಗಡಿ ಅಂತ ಕಂದಾಯ ಕಟ್ತಿದೀವಲ್ಲ. ಸೀರೆಗೆ ಫಾಲ್ಸು ಹಾಕ್ಕೊಡ್ತಿದೀನಿ. ಬೇಕರಿಯೋರ ಸೊಸೆ ನಾಕು ಜನ್ರನ್ನ ಕಳ್ಸಿದಾಳೆ."

ಗುರುವಾರ ಆರ್‌ಐ ಬರುತ್ತಾರೆ, ಮೆಷಿನ್ ಒಳಗೆ ಸಾಗಿಸಿ ಬಾಗಿಲು ಹಾಕು, ಬರೀ ರಾಗಿ ಮೂಟೆ ಕಾಣಲಿ ಅಂತ ಬೇಡಿಕೊಂಡೆ.

"ಗುರುವಾರ ಆಗಲ್ಲ" ಅಂದಳು. "ಶುಕ್ರವಾರ ಮದುವೆ ಇದೆ, ಇನ್ನೂ ಎಂಟು ಸೀರೆ ಬಾಕಿ."